ಪುರದ ಸಗಣಿ, ಹೊಸಹಳ್ಳಿಯ ಸೌದೆ: ಕುಣಿಗಲ್ ಸೀಮೆಯ ಹಳೆಯ ‘ಹವಾಮಾನ ಕೆಲಸ’ಗಳು

ಬಟವಾಡಿಯಲ್ಲಿ ಬಿ.ಎಚ್. ರಸ್ತೆಯ ಬದಿಗಿರುವ ಟೀ ಅಂಗಡಿಯಲ್ಲಿ ಕೂತಿದ್ದಾಗ ನಮ್ಮಲ್ಲೊಬ್ಬಳ ಮೊಬೈಲಿಗೆ ಒಂದು ಕೆಲಸದ ಪ್ರಕಟಣೆ ಬಂತು. ಹವಾಮಾನ ಬದಲಾವಣೆ ಮತ್ತು ಸಮುದಾಯ ಪರಿಸರ ಕಾರ್ಯಕ್ರಮಕ್ಕೆ ಕ್ಷೇತ್ರ ಸಂಯೋಜಕರು ಬೇಕಾಗಿದ್ದಾರೆ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕು, ಹನ್ನೊಂದು ತಿಂಗಳ ಗುತ್ತಿಗೆ, ಸ್ವಂತ ದ್ವಿಚಕ್ರ ವಾಹನ ಇರಬೇಕು. ಪತ್ರಿಕೋದ್ಯಮ ಓದಿ ಮುಗಿಸಿ, ದಿನಪತ್ರಿಕೆಗಳ ಬಿಡಿ ಸುದ್ದಿಗೆ ಸಿಗುವ ಪುಡಿಗಾಸಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಓಡಾಡುವ ನಮಗೆ ಸಂಬಳದ ಅಂಕಿ ಚೆನ್ನಾಗಿಯೇ ಕಂಡಿತು. ‘ಹನ್ನೆರಡನೇ ತಿಂಗಳು ಏನು ಮಾಡೋದು?’ ಅಂತ ಒಬ್ಬ ಕೇಳಿದ. ‘ಇದು ಹೊಸ ಫೀಲ್ಡು ಕಣೋ, ಮುಂದೆ ಬೆಳೆಯುತ್ತೆ’ ಅಂತ ಇನ್ನೊಬ್ಬ ಸಮಾಧಾನ ಹೇಳಿದ.

ಹೊಸದು ಅನ್ನುವ ಮಾತಿಗೇ ನಮ್ಮ ತಕರಾರು. ಇದೇ ಕುಣಿಗಲ್ ತಾಲ್ಲೂಕಿನಲ್ಲಿ ಇಂಥ ಕೆಲಸ ಶುರುವಾಗಿ ಹತ್ತಿರ ಹತ್ತಿರ ಐವತ್ತು ವರ್ಷ ಆಗಿದೆ. ಆಗ ಅದಕ್ಕೆ ‘ಹವಾಮಾನ’ ಅನ್ನುವ ಹೆಸರಿರಲಿಲ್ಲ, ಅಷ್ಟೇ. ಆ ಕೆಲಸದಲ್ಲಿ ಯಾರು ಏನಾದರು, ಯಾರ ಕೆಲಸ ಉಳಿಯಿತು, ಯಾರದು ಹೋಯಿತು ಎಂದು ನೋಡಿದರೆ ಹನ್ನೆರಡನೇ ತಿಂಗಳ ಪ್ರಶ್ನೆಯೂ ಹೊಸದಲ್ಲ ಅಂತ ಗೊತ್ತಾಗುತ್ತದೆ.

1973ರಲ್ಲಿ ಜಗತ್ತಿನಲ್ಲಿ ಪೆಟ್ರೋಲಿಯಂ ಬೆಲೆ ಒಮ್ಮೆಗೇ ಏರಿತು. ಅದರ ಮರುವರ್ಷ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಒಂದು ವಿಭಾಗ ಹುಟ್ಟಿತು. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಮ್ಮ ಹಿರಿಯರು ಕರೆಯುತ್ತಿದ್ದದ್ದು ಇದೇ ಸಂಸ್ಥೆಯನ್ನು. ಹಳ್ಳಿಗಾಡಿಗೆ ವಿಜ್ಞಾನ ತಂತ್ರಜ್ಞಾನವನ್ನು ತಲುಪಿಸುವ ಘಟಕ ಎನ್ನುವುದರ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಅದರ ಹಿಂದಿದ್ದವರು ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ. ಅವರದು ವಿದ್ಯುತ್ ರಸಾಯನಶಾಸ್ತ್ರ. ಆ ವಿಷಯದಲ್ಲಿ ಅವರು ಜಾನ್ ಬಾಕ್ರಿಸ್ ಜೊತೆ ಬರೆದ ಪಠ್ಯವನ್ನು ಜಗತ್ತಿನ ಎಷ್ಟೋ ಕಡೆ ಓದುತ್ತಿದ್ದರು. ಅಂಥವರು ಲ್ಯಾಬ್ ಬಿಟ್ಟು ಸಗಣಿ, ಸೌದೆ, ಒಲೆಗಳ ಲೆಕ್ಕಕ್ಕೆ ಇಳಿದರು. ಪ್ರಯೋಗಕ್ಕೆ ಆರಿಸಿಕೊಂಡದ್ದು ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ದೂರದ, ಕುಣಿಗಲ್ ತಾಲ್ಲೂಕಿನ ಉಂಗ್ರ. ಅಲ್ಲಿ ಅಸ್ತ್ರದ ವಿಸ್ತರಣಾ ಕೇಂದ್ರ ಬಂತು.

ಅವರು ಮೊದಲು ಯಾವ ಯಂತ್ರವನ್ನೂ ತರಲಿಲ್ಲ, ಎಣಿಸಲು ಕೂತರು. ಉಂಗ್ರದ ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, ಒಂದು ದಿನಕ್ಕೆ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎಷ್ಟು ಎತ್ತಿನ ದುಡಿಮೆ, ಎಷ್ಟು ಮನುಷ್ಯರ ದುಡಿಮೆ ಎಂದು ಬರೆದುಕೊಂಡರು. ಆ ಆರರಲ್ಲಿ ಪುರ ಒಂದು. 1977ರಲ್ಲಿ ಅಲ್ಲಿ 56 ಮನೆ, 357 ಜನ. ಆ ಊರು ಬಳಸುವ ಒಟ್ಟು ಶಕ್ತಿಯಲ್ಲಿ ಶೇ. 89ರಷ್ಟು ಸೌದೆಯಿಂದ ಬರುತ್ತಿತ್ತು. ಮನುಷ್ಯರ ಮೈಶಕ್ತಿ ಶೇ. 7. ಕರೆಂಟಿನ ಪಾಲು ಶೇ. 1ರ ಆಸುಪಾಸು. ಮನುಷ್ಯರ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದ್ದು. ಸೌದೆಗೆ ಹೋಗಿಬರುವ ನಡಿಗೆಯೇ ಐದು ಕಿಲೋಮೀಟರ್ ಹತ್ತಿರ.

ಈಗ ಓದಿದರೆ ಇದರಲ್ಲೇನಿದೆ, ಯಾವ ಹಳ್ಳಿಯ ಅಜ್ಜಿಯಾದರೂ ಹೇಳುತ್ತಿದ್ದಳು ಅನ್ನಿಸಬಹುದು. ಆದರೆ ದೇಶದ ಇಂಧನ ಲೆಕ್ಕ ಅಂದರೆ ಕಲ್ಲಿದ್ದಲು, ಪೆಟ್ರೋಲ್, ಅಣೆಕಟ್ಟು ಎಂದಷ್ಟೇ ತಿಳಿದಿದ್ದ ಕಾಲ ಅದು. ಹೆಂಗಸಿನ ತಲೆಯ ಮೇಲಿನ ಹೊರೆಯೂ ಇಂಧನದ ಲೆಕ್ಕಕ್ಕೆ ಸೇರಬೇಕು ಎಂದು ಅಂಕಿಗಳಲ್ಲಿ ತೋರಿಸಿದ ಮೊದಮೊದಲ ಅಧ್ಯಯನಗಳಲ್ಲಿ ಪುರದ್ದು ಒಂದು. ಪತ್ರಿಕೋದ್ಯಮದ ತರಗತಿಯಲ್ಲಿ ಯಾರೂ ನಮಗೆ ಈ ಹಳ್ಳಿಯ ಹೆಸರು ಹೇಳಲಿಲ್ಲ. ಕುಣಿಗಲ್ ಅಂದರೆ ಕೆರೆಯ ಮೇಲಿನ ಜನಪದ ಹಾಡು, ಇಲ್ಲವೇ ಕುದುರೆ ಫಾರಂ. ಅಲ್ಲಿಗೆ ನಮ್ಮ ಸಾಮಾನ್ಯ ಜ್ಞಾನ ಮುಗಿಯುತ್ತಿತ್ತು.

ಎಣಿಕೆ ಆದಮೇಲೆ ಪುರಕ್ಕೆ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ ಬಂತು. ಊರಿನ ಎಲ್ಲ ದನಗಳ ಸಗಣಿ ಒಂದೇ ಕಡೆ, ಎಲ್ಲ ಮನೆಗೂ ಅಡುಗೆ ಗ್ಯಾಸ್ ಅನ್ನುವುದು ಯೋಚನೆ. ಅದು ನಡೆಯಲಿಲ್ಲ. ಇಡೀ ಊರಿನ ಒಲೆ ಉರಿಸುವಷ್ಟು ಸಗಣಿ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಊರಿನವರಿಗೆ ಮೊದಲು ಬೇಕಾಗಿದ್ದುದು ಗ್ಯಾಸ್ ಅಲ್ಲ, ನೀರು. ಸೌದೆಗೆ ಕಾಸು ಕೊಡಬೇಕಿರಲಿಲ್ಲ, ಮೈಮುರಿದರೆ ಸಿಗುತ್ತಿತ್ತು. ಒಳ್ಳೆಯ ನೀರು ಮೈಮುರಿದರೂ ಸಿಗುತ್ತಿರಲಿಲ್ಲ.

ಇಲ್ಲಿ ಅಸ್ತ್ರದವರು ಮಾಡಿದ್ದು ನಮಗೆ ಬಹಳ ಇಷ್ಟವಾದ ಸಂಗತಿ. ಯೋಜನೆಯನ್ನು ಮುಚ್ಚಿ ‘ಜನ ಸಹಕರಿಸಲಿಲ್ಲ’ ಅಂತ ವರದಿ ಬರೆಯಲಿಲ್ಲ. ಅದೇ ಗ್ಯಾಸನ್ನು ಡೀಸೆಲ್ ಜೊತೆ ಬೆರೆಸಿ ಒಂದು ಸಣ್ಣ ಎಂಜಿನ್ ಓಡಿಸಿ ಕರೆಂಟು ಮಾಡಿದರು. 1987ರಲ್ಲಿ ಆ ಕರೆಂಟಿನಿಂದ ಬೋರ್‌ವೆಲ್ ನೀರು ಮೇಲೆ ಬಂದು ಊರಿನ ನಲ್ಲಿಗಳಿಗೆ ಹರಿಯಿತು. ಆಮೇಲೆ ಮನೆಗಳಿಗೆ ದೀಪ.

ಲೆಕ್ಕಾಚಾರ ಹೀಗಿತ್ತು. ಸಗಣಿ ತಂದು ಹಾಕಿದವರಿಗೆ ಕೆ.ಜಿ.ಗೆ ಎರಡು ಪೈಸೆ. ಗ್ಯಾಸ್ ತೆಗೆದಾದ ಮೇಲಿನ ಬಗ್ಗಡ ಅವರಿಗೇ ವಾಪಸ್, ತಿಪ್ಪೆಗೊಬ್ಬರಕ್ಕಿಂತ ಒಳ್ಳೆಯ ಗೊಬ್ಬರ. ನಲ್ಲಿಗೂ ದೀಪಕ್ಕೂ ಮನೆಯವರು ಶುಲ್ಕ ಕಟ್ಟಬೇಕು. ಹಣದ ವ್ಯವಹಾರ ನೋಡಿಕೊಳ್ಳಲು ಊರಿನವರದೇ ಗ್ರಾಮ ವಿಕಾಸ ಸಭೆ. ಸ್ಥಾವರ ನಡೆಸುವವರು ಊರಿನದೇ ಯುವಕರು, ಅದಕ್ಕಾಗಿ ತರಬೇತಿ ಪಡೆದವರು. ಬೆಳಿಗ್ಗೆ ಸಗಣಿ ತೂಗಿ ಬರೆದುಕೊಳ್ಳುವುದು, ನೀರು ಬೆರೆಸಿ ಗುಂಡಿಗೆ ಬಿಡುವುದು, ಎಂಜಿನ್ ಹಚ್ಚುವುದು, ಎಣ್ಣೆ ಬದಲಿಸುವುದು, ಶುಲ್ಕ ವಸೂಲಿ. ಸಗಣಿ ಕಡಿಮೆಯಾದ ದಿನ ನೀರಿಗೂ ದೀಪಕ್ಕೂ ಕತ್ತರಿ ಬೀಳುತ್ತಿತ್ತು. ಹಾಗಾಗಿ ಒಬ್ಬರ ಸೋಮಾರಿತನ ಇಡೀ ಊರಿಗೆ ಕಾಣುತ್ತಿತ್ತು. ಊರೊಟ್ಟಿನ ಆಸ್ತಿ ಅಂದರೆ ಯಾರ ಆಸ್ತಿಯೂ ಅಲ್ಲ ಎಂಬ ಮಾತನ್ನು ಪುರ ಹಲವು ವರ್ಷ ಸುಳ್ಳು ಮಾಡಿತು.

ಹವಾಮಾನದ ಕೆಲಸ ಹುಡುಕುವವರು ಗಮನಿಸಬೇಕಾದ ಅಂಶ ಇಲ್ಲೊಂದಿದೆ. ಪುರದ ಆ ಯುವಕರು ನಡೆಸುತ್ತಿದ್ದ ಸ್ಥಾವರದ ಆದಾಯ ಬರುತ್ತಿದ್ದದ್ದು ಊರಿನ ನಲ್ಲಿಯಿಂದ. ಗುಂಡಿ, ಎಂಜಿನ್, ಸಂಶೋಧನೆಯ ಖರ್ಚೆಲ್ಲ ಹೊರಗಿನದು, ನಿಜ. ಆದರೆ ದಿನನಿತ್ಯದ ಓಟಕ್ಕೆ ಊರು ಕಾಸು ಕೊಡುತ್ತಿತ್ತು, ಯಾಕೆಂದರೆ ಊರಿಗೆ ಬೇಕಾದದ್ದು ಅಲ್ಲಿ ಸಿಗುತ್ತಿತ್ತು.

90ರ ದಶಕದ ನಡುವಿನ ಹೊತ್ತಿಗೆ ಪುರದ ಸ್ಥಾವರ ನಿಂತಿತು. 2004ರಲ್ಲಿ ರೆಡ್ಡಿಯವರು ಪುರದಿಂದ ಕಲಿತ ಪಾಠಗಳು ಎಂದೇ ಒಂದು ಲೇಖನ ಬರೆದರು. ಸೋತ ಪ್ರಯೋಗದ ಬಗ್ಗೆ ಹೀಗೆ ಕೂತು ಬರೆಯುವ ವಿಜ್ಞಾನಿಗಳು ಎಷ್ಟು ಜನ ಇದ್ದಾರೋ. ನಾವು ಅರ್ಥ ಮಾಡಿಕೊಂಡದ್ದು ಇಷ್ಟು: ಸರ್ಕಾರದ ಕಂಬದ ಕರೆಂಟಿಗೆ ಸಬ್ಸಿಡಿ ಇತ್ತು, ಬಿಲ್ ಕಟ್ಟದಿದ್ದರೂ ಬಹಳ ದಿನ ನಡೆಯುತ್ತಿತ್ತು. ಊರಿನ ಸ್ಥಾವರಕ್ಕೆ ಎರಡೂ ಇರಲಿಲ್ಲ. ತಿಂಗಳಿಗೆ ಸರಿಯಾಗಿ ವಸೂಲಿ ಮಾಡಬೇಕಿದ್ದ ಊರ ಹುಡುಗ, ಯಾರೂ ವಸೂಲಿಗೆ ಬಾರದ ಕಂಬದ ಎದುರು ಎಷ್ಟು ದಿನ ನಿಲ್ಲುತ್ತಾನೆ?

ಹೊಸಹಳ್ಳಿಯದು ಇನ್ನೊಂದು ಬಗೆ. ಅದೂ ಕುಣಿಗಲ್ ತಾಲ್ಲೂಕೇ. ಇನ್ನೂರು ಚಿಲ್ಲರೆ ಜನರ, ಆಗಿನ್ನೂ ಕರೆಂಟು ಕಾಣದ ಊರು. 1988ರಲ್ಲಿ ಅಸ್ತ್ರದವರು ಅಲ್ಲಿ 3.7 ಕಿಲೋವಾಟಿನ ಸೌದೆ ಗ್ಯಾಸಿಫೈಯರ್ ಇಟ್ಟರು. ಒಣ ಸೌದೆಯನ್ನು ಗಾಳಿ ಬಿಗಿಹಿಡಿದು ಉರಿಸಿದರೆ ಅದು ಪೂರ್ತಿ ಉರಿಯದೆ, ಮತ್ತೆ ಉರಿಯಬಲ್ಲ ಅನಿಲವಾಗುತ್ತದೆ. ಆ ಅನಿಲವನ್ನು ತಣಿಸಿ, ಸೋಸಿ, ಡೀಸೆಲ್ ಎಂಜಿನ್ನಿಗೆ ಬಿಟ್ಟರೆ ಡೀಸೆಲ್ಲಿನ ದೊಡ್ಡ ಪಾಲು ಉಳಿಯುತ್ತದೆ. ಸೌದೆಗೆ ಅಂತಲೇ ಊರ ಜಾಗದಲ್ಲಿ ಗಿಡ ನೆಟ್ಟರು. ಕಡಿದಷ್ಟು ಮತ್ತೆ ಬೆಳೆದರೆ ಉರಿಸಿದ ಇಂಗಾಲ ಮರಕ್ಕೆ ವಾಪಸ್ ಹೋಗುತ್ತದೆ ಎಂಬ ಲೆಕ್ಕ. ಅದೇ 1988ರ ಕೊನೆಯಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಐಪಿಸಿಸಿ ಎಂಬ ಹವಾಮಾನ ವಿಜ್ಞಾನಿಗಳ ಸಮಿತಿ ಹುಟ್ಟಿತು. ಜಗತ್ತು ಕಾಗದ ಜೋಡಿಸಿಕೊಳ್ಳುವ ಹೊತ್ತಿಗೆ ಹೊಸಹಳ್ಳಿಯಲ್ಲಿ ದೀಪ ಹತ್ತಿತ್ತು ಅಂತ ನಾವು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳಬಹುದು.

ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ಆಮೇಲೆ ತೋಟಕ್ಕೆ ನೀರು. ಯಂತ್ರ 20 ಕಿಲೋವಾಟಿಗೆ ಬೆಳೆಯಿತು. 2004ರಲ್ಲಿ ಎನ್.ಎಚ್. ರವೀಂದ್ರನಾಥ್ ಮತ್ತು ಜೊತೆಗಾರರು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಅದಕ್ಕೆ ಹಿಂದಿನ ಆರು ವರ್ಷಗಳಲ್ಲಿ ಶೇ. 85ಕ್ಕೂ ಹೆಚ್ಚು ದಿನ ದೀಪವೂ ನೀರೂ ತಪ್ಪಿರಲಿಲ್ಲ. ನಮ್ಮ ಬಟವಾಡಿಯ ರೂಮಿನಲ್ಲಿ ನೀರು ಬರುವ ದಿನಗಳ ಲೆಕ್ಕ ಇಟ್ಟರೆ ಇದಕ್ಕಿಂತ ಕಡಿಮೆಯೇ ಬಂದೀತು. ಅದೇ ಲೇಖನದಲ್ಲಿ ಇನ್ನೊಂದು ಅಂಕಿ ಇದೆ. ಎಂಜಿನ್ನಿನ ಮೇಲೆ 5 ಕಿಲೋವಾಟ್ ಹೊರೆ ಇದ್ದಾಗ ಒಂದು ಯೂನಿಟ್ಟಿನ ಇಂಧನ ಮತ್ತು ನಿರ್ವಹಣೆ ಖರ್ಚು 5.85 ರೂಪಾಯಿ, 20 ಕಿಲೋವಾಟ್ ಇದ್ದರೆ 3.34 ರೂಪಾಯಿ. ಬಲ್ಬು ನಾಲ್ಕು ಹತ್ತಲಿ ನಲವತ್ತು ಹತ್ತಲಿ, ಆಪರೇಟರ್ ಕೆಲಸಕ್ಕೆ ಬರಲೇಬೇಕು, ಸೌದೆ ತುಂಡು ಮಾಡಲೇಬೇಕು, ಟಾರು ಕಟ್ಟಿಕೊಂಡ ಕೊಳವೆ ಉಜ್ಜಲೇಬೇಕು. ಊರು ಸಣ್ಣದಾದಷ್ಟೂ ಅವನ ಕೂಲಿ ಪ್ರತಿ ಬಲ್ಬಿನ ಮೇಲೆ ಭಾರವಾಗಿ ಕೂರುತ್ತದೆ.

ಈ ಮಧ್ಯೆ ಒಲೆಯ ಕಥೆ ಹೇಳದೆ ಹೋದರೆ ನಮ್ಮಲ್ಲೊಬ್ಬನ ಅಜ್ಜಿಗೆ ಬೇಜಾರಾಗುತ್ತದೆ. ಗುಬ್ಬಿ ಕಡೆಯ ಅವರ ಅಡುಗೆಮನೆಯಲ್ಲಿ ಮೊನ್ನೆ ಮೊನ್ನೆಯವರೆಗೆ ಅಸ್ತ್ರ ಒಲೆ ಇತ್ತು: ಮಣ್ಣಿನದು, ಮೂರು ಪಾತ್ರೆ ಕೂರುವಂಥದ್ದು, ಹೊಗೆ ಹೊರಗೆ ಹೋಗಲು ಕೊಳವೆ. ಸಾಮಾನ್ಯ ಒಲೆ ಸೌದೆಯ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲನ್ನು ಪಾತ್ರೆಗೆ ಕೊಟ್ಟರೆ, ಲ್ಯಾಬಿನ ಪರೀಕ್ಷೆಯಲ್ಲಿ ಈ ಒಲೆ ನಾಲ್ಕು ಪಾಲು ಕೊಡುತ್ತಿತ್ತು. 80ರ ದಶಕದಲ್ಲಿ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ಇಂಥ ಒಲೆಗಳು ರಾಜ್ಯದಲ್ಲಿ ಲಕ್ಷಗಟ್ಟಲೆ ಎದ್ದವು. ಅವನ್ನು ಕಟ್ಟಲು ಹಳ್ಳಿ ಹಳ್ಳಿಯಲ್ಲಿ ಜನರಿಗೆ ತರಬೇತಿ ಕೊಟ್ಟರು, ಒಲೆಗಿಷ್ಟು ಅಂತ ಕೂಲಿ. ಅಜ್ಜಿಯ ಒಲೆ ಕಟ್ಟಿದವರು ಪಕ್ಕದೂರಿನ ಗಾರೆ ಕೆಲಸದವರು. ಕೊಳವೆ ಕಟ್ಟಿಕೊಂಡರೆ ಅಜ್ಜಿ ಅವರಿಗೇ ಹೇಳಿ ಕಳಿಸುತ್ತಿದ್ದರು. ಒಂದೆರಡು ಸಲ ಬಂದರು. ಕಟ್ಟಿದ್ದಕ್ಕೆ ಕೂಲಿ ಇತ್ತು, ಆಮೇಲೆ ಬಂದು ಗುಡಿಸಿ ಕೊಡುವುದಕ್ಕೆ ಇರಲಿಲ್ಲ. ಮೂರನೇ ಸಲ ಬರಲಿಲ್ಲ, ಅಜ್ಜಿ ತಪ್ಪು ಅನ್ನಲಿಲ್ಲ. 2002ರ ಹೊತ್ತಿಗೆ ಕೇಂದ್ರದ ಆ ಕಾರ್ಯಕ್ರಮವೇ ನಿಂತಿತು.

ಆಮೇಲೆ ಬಂದದ್ದು ದೊಡ್ಡ ಪ್ರಮಾಣದ ಯೋಜನೆ. 2001ರಿಂದ ತುಮಕೂರು ಜಿಲ್ಲೆಯಲ್ಲಿ ಜೈವಿಕ ಇಂಧನದ ಒಂದು ಯೋಜನೆ ಶುರುವಾಯಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ಜನ ‘ಬೇರಿ’ ಅನ್ನುತ್ತಿದ್ದರು. ರಾಜ್ಯದ ಗ್ರಾಮೀಣಾಭಿವೃದ್ಧಿ ಇಲಾಖೆ, ಯುಎನ್‌ಡಿಪಿ, ಜಾಗತಿಕ ಪರಿಸರ ನಿಧಿ ಎಲ್ಲ ಅದರಲ್ಲಿದ್ದವು. ಈ ಸಲ ಕಾಗದದ ಮೇಲೆ ‘ಹವಾಮಾನ ಬದಲಾವಣೆ’ ಎಂದೇ ಬರೆದಿತ್ತು. ಉಂಗ್ರದ ಸುತ್ತ ಕಲಿತದ್ದನ್ನು ಜಿಲ್ಲೆಗೆ ಹಬ್ಬಿಸುವ ಉದ್ದೇಶ. ಸಾಮೂಹಿಕ ಜಮೀನಿನಲ್ಲಿ ನೆಡುತೋಪು, ಗೋಬರ್ ಗ್ಯಾಸ್, ಕಬ್ಬಿಗೆರೆಯಲ್ಲಿ 500 ಕಿಲೋವಾಟ್ ಸಾಮರ್ಥ್ಯದ ಗ್ಯಾಸಿಫೈಯರ್. 2007ರಲ್ಲಿ ಕಬ್ಬಿಗೆರೆಯ ಕರೆಂಟು ಬೆಸ್ಕಾಂ ತಂತಿಗೆ ಸೇರಿತು. ಒಂದು ಹಳ್ಳಿ ಸರ್ಕಾರಕ್ಕೆ ಕರೆಂಟು ಮಾರುತ್ತಿದೆ ಅಂತ ಪತ್ರಿಕೆಗಳು ಬರೆದವು. ಯೂನಿಟ್ಟಿಗೆ ಸಿಗುತ್ತಿದ್ದದ್ದು 2.85 ರೂಪಾಯಿ.

ಹೊಸಹಳ್ಳಿಯಲ್ಲಿ ಯಂತ್ರ ತುಂಬು ಹೊರೆಯಲ್ಲಿ ಓಡಿದಾಗಲೂ ಖರ್ಚು 3.34 ಇತ್ತು. ಎರಡೂ ಒಂದೇ ಅಳತೆಯ ಯಂತ್ರಗಳಲ್ಲ, ನೇರ ಹೋಲಿಕೆ ಸರಿಯಲ್ಲ ಎಂದು ಒಪ್ಪುತ್ತೇವೆ. ಆದರೂ ಸೌದೆ ಕೊಂಡು, ತುಂಡು ಮಾಡಿಸಿ, ಒಣಗಿಸಿ, ಊರ ಹುಡುಗರಿಗೆ ಸಂಬಳ ಕೊಟ್ಟು 2.85ಕ್ಕೆ ಮಾರುವ ವ್ಯಾಪಾರದಲ್ಲಿ ಉಳಿಯುವುದೇನು ಎಂಬ ಅನುಮಾನಕ್ಕೆ ಅರ್ಥಶಾಸ್ತ್ರದ ಡಿಗ್ರಿ ಬೇಕಿಲ್ಲ. 2012ರಲ್ಲಿ ಯೋಜನೆಯ ಅವಧಿ ಮುಗಿಯಿತು.

ಸುಜಲ ಜಲಾನಯನ, ಜಲ ಸಂವರ್ಧನೆ ಯೋಜನಾ ಸಂಘದ ಕೆರೆ ಅಭಿವೃದ್ಧಿ, ಎರಡೂ ವಿಶ್ವಬ್ಯಾಂಕಿನ ಸಾಲದವು, ಇದೇ ಕಾಲಕ್ಕೆ ಜಿಲ್ಲೆಗೆ ಬಂದವು. ನಮ್ಮ ಅಣ್ಣಂದಿರ ವಯಸ್ಸಿನ ಎಷ್ಟೋ ಡಿಗ್ರಿ ಹುಡುಗರು ಆಗ ಎನ್‌ಜಿಒಗಳ ಬೈಕಿನಲ್ಲಿ ಊರೂರು ಸುತ್ತಿ ಸಂಘ ಕಟ್ಟಿದರು, ನಕ್ಷೆ ಬರೆಸಿದರು. ಯೋಜನೆ ಮುಗಿದ ಮೇಲೆ ಕೆಲವರು ಇನ್ನೊಂದು ಯೋಜನೆಗೆ ದಾಟಿಕೊಂಡರು. ಉಳಿದವರು ತೋಟಕ್ಕೆ, ಎಲ್‌ಐಸಿ ಏಜೆನ್ಸಿಗೆ.

ಹಾಗಾದರೆ ಈ ಐವತ್ತು ವರ್ಷದಲ್ಲಿ ಯಾರ ಬದುಕೂ ಕಟ್ಟಿಕೊಳ್ಳಲಿಲ್ಲವೇ? ಕಟ್ಟಿಕೊಂಡಿತು. ರೆಡ್ಡಿಯವರು ಬೇರೆ ಮೂವರು ವಿಜ್ಞಾನಿಗಳೊಂದಿಗೆ 2000ದ ವೋಲ್ವೊ ಪರಿಸರ ಪ್ರಶಸ್ತಿ ಪಡೆದರು; 2006ರಲ್ಲಿ ತೀರಿಕೊಂಡರು. ರವೀಂದ್ರನಾಥ್ ಐಪಿಸಿಸಿ ವರದಿಗಳ ಲೇಖಕರಾದರು, ಆ ಸಮಿತಿಗೆ 2007ರ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಅಸ್ತ್ರ ಒಲೆಯ ತಂಡದಲ್ಲಿದ್ದ ಸ್ವಾತಿ ಭೋಗಲೆಯವರು ಕಟ್ಟಿ ಬೆಳೆಸಿದ ಟೈಡ್ ಸಂಸ್ಥೆ ಸಣ್ಣ ಕೈಗಾರಿಕೆಗಳ ಒಲೆಗಳಲ್ಲಿ ಸೌದೆ ಉಳಿಸುವ ಕೆಲಸಕ್ಕೆ 2008ರಲ್ಲಿ ಆಷ್ಡೆನ್ ಪ್ರಶಸ್ತಿ ಪಡೆಯಿತು. ಇವರ ಮೇಲೆ ನಮಗೆ ಅಸೂಯೆಯಿಲ್ಲ. ಬಿಸಿಲಿನಲ್ಲಿ ನಡೆದು, ಸಗಣಿ ತೂಗಿ, ಸೋತು, ಮತ್ತೆ ಮಾಡಿದವರು ಇವರು. ಆದರೆ ಇವರು ಮೊದಲೇ ಡಿಗ್ರಿ, ಸಂಸ್ಥೆ, ತಿಂಗಳ ಸಂಬಳ ಇಟ್ಟುಕೊಂಡು ಉಂಗ್ರಕ್ಕೆ ಬಂದವರು ಎನ್ನುವುದೂ ನಿಜ. ಪ್ರಯೋಗ ಗೆದ್ದರೂ ಸೋತರೂ ಅವರಿಗೆ ಒಂದು ಲೇಖನ ಸಿಗುತ್ತಿತ್ತು. ಎಂಜಿನ್ ಹಚ್ಚುತ್ತಿದ್ದ ಊರ ಹುಡುಗನಿಗೆ, ಎಂಜಿನ್ ನಿಂತ ದಿನ, ಸಿಕ್ಕಿದ್ದು ಡೀಸೆಲ್ ಎಂಜಿನ್ ರಿಪೇರಿ ಗೊತ್ತಿದೆ ಅನ್ನುವ ಹೆಸರು. ಅದೂ ಸಣ್ಣದೇನಲ್ಲ, ಆದರೆ ಯಾವ ಸರ್ಟಿಫಿಕೇಟಿನಲ್ಲೂ ಬರುವುದಿಲ್ಲ.

ಇನ್ನು ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಕುಣಿಗಲ್ಲಿಗೆ ಪಕ್ಕದ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದ ತಿಮ್ಮಕ್ಕನವರಿಗೆ ಯೋಜನೆಯೂ ಇರಲಿಲ್ಲ, ಕೂಲಿಯೂ ಇರಲಿಲ್ಲ. ಕೂಲಿ ಕೆಲಸ ಮುಗಿಸಿ ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತು ಕುದೂರು ರಸ್ತೆಯ ಆಲದ ಗಿಡಗಳನ್ನು ಸಾಕಿದರು. ಪದ್ಮಶ್ರೀ ಬಂದದ್ದು 2019ರಲ್ಲಿ, ಆ ಆಲಗಳು ಎಷ್ಟೋ ಕಾಲದಿಂದ ನೆರಳು ಕೊಡುತ್ತಿದ್ದಾಗ. 2025ರ ನವೆಂಬರಿನಲ್ಲಿ ತೀರಿಕೊಂಡರು. ಭಾಷಣಗಳಲ್ಲಿ ಅವರನ್ನು ನಮಗೆ ಮಾದರಿ ಅಂತ ತೋರಿಸುವಾಗ ನಮಗೆ ಒಳಗೊಳಗೇ ಕಸಿವಿಸಿ. ಅವರ ಹಾಗೆ ಬಿಟ್ಟಿ ದುಡಿಯಿರಿ ಎನ್ನುವುದು ಮಾದರಿಯೋ, ಹಾಗೆ ದುಡಿದವರಿಗೆ ಊರು, ಸರ್ಕಾರ ಮೊದಲೇ ಏನಾದರೂ ಕೊಡಬೇಕಿತ್ತು ಎನ್ನುವುದು ಮಾದರಿಯೋ?

ಪರಿಸರದ ಕೆಲಸಕ್ಕೆ ಊರೇ ಸಂಬಳ ಕೊಡುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ಕೆರೆಯ ತೂಬು ಎತ್ತಿ ಇಳಿಸುವ, ಯಾವ ಗದ್ದೆಗೆ ಯಾವಾಗ ನೀರು ಎಂದು ತೀರ್ಮಾನಿಸುವ, ಮಳೆಗಾಲದ ರಾತ್ರಿ ಏರಿಯ ಮೇಲೆ ಓಡಾಡಿ ಸೋರಿಕೆ ನೋಡುವ ನೀರಗಂಟಿಗೆ ಸುಗ್ಗಿಯಲ್ಲಿ ಪ್ರತಿ ಹಿಡುವಳಿಯಿಂದ ಕಾಳು ಬರುತ್ತಿತ್ತು. ಕೆರೆ ತುಂಬದ ವರ್ಷ ಅವನ ಕಣಜವೂ ತುಂಬುತ್ತಿರಲಿಲ್ಲ. ಹಾಗಾಗಿ ಕೆರೆ ಅವನಿಗೆ ಬರೀ ನೌಕರಿಯಾಗಿರಲಿಲ್ಲ. ಇದನ್ನು ಹಾಡಿ ಹೊಗಳುವವರು ಮರೆಯುವ ಮಾತೊಂದಿದೆ. ಆ ಕೆಲಸ ಜಾತಿಯಿಂದ ಬರುತ್ತಿತ್ತು, ಬಹಳ ಕಡೆ ದಲಿತರ ಮನೆತನಕ್ಕೆ ಕಟ್ಟಿದ್ದು. ಎಲ್ಲರ ಗದ್ದೆಗೂ ನೀರು ಹಂಚುವವನಿಗೆ ಎಷ್ಟೋ ಕಡೆ ಊರ ಬಾವಿಯ ನೀರು ಮುಟ್ಟುವ ಹಕ್ಕಿರಲಿಲ್ಲ. ಆ ಪದ್ಧತಿ ವಾಪಸ್ ಬರಲಿ ಎಂದು ನಾವಂತೂ ಹೇಳುವುದಿಲ್ಲ.

ಆದರೆ ಹೆಸರು ಉಳಿದಿದೆ. ಗ್ರಾಮ ಪಂಚಾಯಿತಿಯಲ್ಲಿ ಬೋರ್‌ವೆಲ್ ಮೋಟಾರು ಹಾಕಿ, ವಾಲ್ವ್ ತಿರುಗಿಸಿ, ಬೀದಿ ಬೀದಿಗೆ ನೀರು ಬಿಡುವವರನ್ನು ಕಾಗದಪತ್ರಗಳಲ್ಲಿ ಇವತ್ತಿಗೂ ನೀರುಗಂಟಿ ಎಂದೇ ಬರೆಯುತ್ತಾರೆ. ಯಾವ ಬೋರು ಯಾವ ತಿಂಗಳಲ್ಲಿ ಬತ್ತುತ್ತದೆ, ಹಿಂದಿನ ವರ್ಷಕ್ಕಿಂತ ಎಷ್ಟು ಪೈಪು ಕೆಳಗಿಳಿಸಬೇಕಾಯಿತು ಎನ್ನುವುದು ಇವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಸ್ವಚ್ಛವಾಹಿನಿಯ ಕಸದ ಗಾಡಿ ಓಡಿಸುವ ಹೆಣ್ಣುಮಕ್ಕಳೂ ಇದೇ ಸಾಲಿನವರು. ಇವರ ಸಂಬಳ ಪಂಚಾಯಿತಿಯಿಂದ ಬರಬೇಕು. ಹಾಗಾಗಿ ಕಡಿಮೆಯಾದರೂ, ತಡವಾದರೂ, ಹನ್ನೆರಡನೇ ತಿಂಗಳೂ ಕೆಲಸ ಇರುತ್ತದೆ. ಹವಾಮಾನದ ಕೆರಿಯರ್ ಕುರಿತ ಯಾವ ತರಬೇತಿಯಲ್ಲೂ ಇವರ ಹುದ್ದೆಯ ಹೆಸರು ಬಂದದ್ದನ್ನು ನಾವು ಕೇಳಿಲ್ಲ.

ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ಬರೆಯಲು ಬೇರೆ ಲೇಖನವೇ ಬೇಕು. 13,000 ಎಕರೆ, 2,050 ಮೆಗಾವಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಜಮೀನಿದ್ದವರಿಗೆ ಬರಗಾಲದ ಸೀಮೆಯಲ್ಲಿ ತಪ್ಪದ ಆದಾಯ ಸಿಕ್ಕಿತು. ಜಮೀನಿಲ್ಲದೆ ಆ ಹೊಲಗಳಲ್ಲೇ ಕೂಲಿ ಮಾಡುತ್ತಿದ್ದವರಿಗೆ ಉಳಿದ ಕೆಲಸ ಹುಲ್ಲು ಕೀಳುವುದು, ಪ್ಯಾನೆಲ್ ತೊಳೆಯುವುದು, ಕಾವಲು ಕಾಯುವುದು. ಪುರದಲ್ಲಿ ಸಗಣಿಗೆ ಕೊಡುತ್ತಿದ್ದ ಎರಡು ಪೈಸೆ ದನ ಇದ್ದ ಎಲ್ಲ ಮನೆಗೂ ಹೋಗುತ್ತಿತ್ತು ಎಂಬುದನ್ನು ನೆನಪಿಗಾಗಿ ಇಲ್ಲಿ ಹೇಳಿರುತ್ತೇವೆ.

ನಮ್ಮ ಗೆಳತಿ ಆ ಹನ್ನೊಂದು ತಿಂಗಳ ಕೆಲಸಕ್ಕೆ ಸೇರಿಕೊಂಡಳು. ಸಂದರ್ಶನದಲ್ಲಿ, ಯೋಜನೆ ಮುಗಿದ ಮೇಲೆ ಈ ಕೆಲಸಕ್ಕೆ ಹಳ್ಳಿಯಲ್ಲಿ ಯಾರು ಸಂಬಳ ಕೊಡುತ್ತಾರೆ ಎಂದು ಕೇಳಿದಳಂತೆ. ಒಳ್ಳೆಯ ಪ್ರಶ್ನೆ ಅಂದರಂತೆ. ಹೋದ ಸೋಮವಾರ ಅವಳಿಗೆ ಪ್ರಶ್ನಾವಳಿ ಕೊಟ್ಟಿದ್ದಾರೆ, ಮನೆಗೆ ಒಂದರಂತೆ ತುಂಬಿಸಬೇಕು. ಮೊದಲ ಪುಟದಲ್ಲಿ ಇರುವುದು: ದಿನಕ್ಕೆ ಎಷ್ಟು ಸೌದೆ ಬೇಕು, ಯಾರು ತರುತ್ತಾರೆ, ಎಷ್ಟು ದೂರದಿಂದ. ಅವಳಿಗೆ ಬಿದ್ದಿರುವ ಮೊದಲ ಹಳ್ಳಿ ಕುಣಿಗಲ್ ತಾಲ್ಲೂಕಿನದು. ಪೆಟ್ರೋಲಿಗೆ ಕಿಲೋಮೀಟರಿಗೆ ಇಷ್ಟು ಅಂತ ಆಮೇಲೆ ಕೊಡುತ್ತಾರಂತೆ, ಸದ್ಯಕ್ಕೆ ನಾವೇ ಹಾಕಿಸಿದ್ದೇವೆ.